ಗೂಡಿಗೆ ಹಾಕಿದ ಅಕ್ಷರಗಳು

ಮನೆಯಿಂದ, ಮೆಟ್ಟಿಲ ಪಕ್ಕದ ಕೋಣೆ
ಶನಿವಾರ, ೧೪ನೇ ತಾರೀಖು

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಮೊಣಕಾಲಿನ ಬಾವು ಇಳಿಯಿತೇ? ದಿನವೆಲ್ಲ ನಿಂತೇ ಪಾಠ ಮಾಡಬೇಡ ಮಾರಾಯ್ತಿ, ಒಂದು ಕುರ್ಚಿ ಎಳೆದುಕೊಂಡರೆ ನಿನ್ನ ಶಾಲೆಯೇನೂ ಬಿದ್ದುಹೋಗುವುದಿಲ್ಲ. ಭಾವನ ಕೆಮ್ಮು ಕಡಿಮೆಯಾಗಿರಬೇಕು. ಲಾಂಡ್ರಿಯಲ್ಲಿ ಇಸ್ತ್ರಿಪೆಟ್ಟಿಗೆ ತಾಗಿ ನನ್ನ ಮುಂಗೈ ಮೇಲೆ ಬೊಬ್ಬೆ ಎದ್ದಿದೆ, ಅದಕ್ಕೇ ಅಕ್ಷರ ಹೀಗೆ ಸೊಟ್ಟಗಿದೆ. ಮೊದಲೇನು ನೆಟ್ಟಗಿತ್ತಾ ಎಂದು ನೀನು ಕೇಳುತ್ತೀಯ, ಗೊತ್ತು.

ಅಪ್ಪ ಹಾಗೇ ಇದ್ದಾರೆ. ಪಾರ್ಶ್ವವಾಯು ಹೊಡೆದು ಮೊನ್ನೆಗೆ ಎರಡು ತಿಂಗಳಾಯಿತು. ಬಲಗೈ ಆಡುವುದಿಲ್ಲ, ಮಾತು ಒಂದೂ ಇಲ್ಲ. ನೀನು ಕಳೆದ ಕಾಗದದಲ್ಲಿ ಕೇಳಿದ್ದು ಎರಡೇ ಪ್ರಶ್ನೆ: ನಿನ್ನನ್ನು ಹೆತ್ತವಳು ಎಲ್ಲಿದ್ದಾಳೆ, ಇದ್ದಾಳೋ ಇಲ್ಲವೋ. ಅವರ ಪಕ್ಕ ಕೂತು ಕೇಳಿದೆ. ಇದ್ದಾಳಾ ಅಪ್ಪಾ ಎಂದರೆ ತಲೆ ಆಡಿಸಿದರು. ಹೋದಳಾ ಎಂದರೆ ಅದಕ್ಕೂ ಆಡಿಸಿದರು. ನನ್ನ ಹೆಸರು ಅಪ್ಪಾ ಅಂತಾನಾ ಎಂದು ಕೇಳಿದರೂ ಆಡಿಸಿದರು. ಮಾತಿನ ಜೊತೆ ಓದು ಬರಹವೂ ಹೋಗಿದೆ, ವಾಪಸು ಬರುವ ಆಸೆ ಇಟ್ಟುಕೊಳ್ಳಬೇಡಿ ಎಂದು ಡಾಕ್ಟರು ಹೇಳಿಬಿಟ್ಟರು. ಆದರೆ ನಿನ್ನ ಹೆಸರು ಎತ್ತಿದರೆ ಮಾತ್ರ ಎಡಗೈ ಎತ್ತಿ ಮೂಲೆಯ ಕಂಪ್ಯೂಟರ್ ತೋರಿಸುತ್ತಾರೆ. ಎಲ್ಲಾ ಅದರಲ್ಲಿದೆ, ತೆಗೆದುಕೊಡು ಎಂಬ ಹಾಗೆ. ಆ ಎಡಗೈಯನ್ನು ನಂಬಿಯೇ ನಾನು ನಿನಗೆ ಧೈರ್ಯ ಬರೆದಿದ್ದೆ.

ನೀನು ಆ ಡಬ್ಬ ನೋಡಿಲ್ಲ. ಹೆತ್ತವಳ ವಿಷಯಕ್ಕೆ ಅಪ್ಪನ ಜೊತೆ ನೀನು ಜಗಳವಾಡಿ ಹೊರಟ ವರ್ಷವೇ ಅವರು ಕೆಲಸಕ್ಕಿದ್ದ ಪ್ರೆಸ್ಸು ಮುಚ್ಚಿತು. ಮಾಲೀಕರು ಯಾವ ಕಾಲದಲ್ಲೋ ತರಿಸಿ ಮೂಲೆಗೆ ತಳ್ಳಿದ್ದ ಯಂತ್ರ ಅದು. ಬೂದು ಬಣ್ಣದ ದಪ್ಪ ಪೆಟ್ಟಿಗೆ, ಅದರ ಮೇಲೆ ಗೂನುಬೆನ್ನಿನ ಟಿವಿಯಂಥದ್ದು, ಕಪ್ಪು ಪರದೆಯಲ್ಲಿ ಹಸಿರು ಅಕ್ಷರ. ನೆನಪೆಲ್ಲ ಅದರ ಹೊಟ್ಟೆಯಲ್ಲಿರುವುದಿಲ್ಲ, ಅಂಗೈಯಗಲದ ಕಪ್ಪು ತಟ್ಟೆಯಲ್ಲಿ. ಅದಕ್ಕೆ ಫ್ಲಾಪಿ ಎನ್ನುತ್ತಾರೆ. ನಲವತ್ತು ವರ್ಷ ಸೀಸದ ಅಕ್ಷರದ ಮೊಳೆ ಜೋಡಿಸಿದ ಮನುಷ್ಯ ಅದನ್ನು ಕೈಗಾಡಿಯಲ್ಲಿ ತಳ್ಳಿಕೊಂಡು ಬಂದಾಗ ನಾನು ತಲೆ ಚಚ್ಚಿಕೊಂಡೆ. ಆಗ ಅವರು ಅಂದಿದ್ದು ಇಷ್ಟೇ: "ಅವಳು ಕೇಳಿದ್ದನ್ನ ಬಾಯಲ್ಲಿ ಹೇಳೋಕೆ ನನ್ನ ಕೈಲಾಗಲ್ಲ. ಅಚ್ಚು ಮಾಡಿ ಕೊಡ್ತೀನಿ. ಕೈಲಿ ಬರೆದಿದ್ದು ಹರಟೆ ಇದ್ದ ಹಾಗೆ, ಅಚ್ಚಾದ್ರೆ ಅದು ಮಾತು."

ಮಾಲೀಕರ ಗುಮಾಸ್ತ ಬಂದು ಎರಡು ದಿನ ಹೇಳಿಕೊಟ್ಟ. ಹೀಗೆ ಶುರುಮಾಡಿ, ಹೀಗೆ ಒತ್ತಿ, ಹೀಗೆ ಉಳಿಸಿ, ಅಷ್ಟೇ. ಅಪ್ಪ ಕೀಲಿಗಳ ಜಾಗ ಕಲಿಯುವುದಕ್ಕೇ ವರ್ಷ ಕಳೆಯಿತು. ಆಮೇಲೆ ಒಂದೊಂದು ಪುಟಕ್ಕೆ ಹದಿನೈದು ದಿನ. ಸಂಜೆ ಕನ್ನಡಕ ಒರೆಸಿಕೊಂಡು ಕೂತರೆ ಕರೆದರೂ ಕೇಳಿಸುತ್ತಿರಲಿಲ್ಲ. ಪುಟ ಮುಗಿದ ದಿನ ಉಳಿಸುವ ಕೀಲಿ ಒತ್ತುತ್ತಿದ್ದರು, ಪೆಟ್ಟಿಗೆ ಗರಗರ ಎಂದು ಕೆಂಪು ದೀಪ ಮಿಣುಕುತ್ತಿತ್ತು. "ಅಚ್ಚು ಬಿತ್ತು" ಎನ್ನುವರು. ಹತ್ತು ಫ್ಲಾಪಿಗಳ ಡಬ್ಬದಲ್ಲಿ ಒಂಬತ್ತರ ಕಾಗದ ಕೂಡ ಬಿಚ್ಚಿಲ್ಲ. "ನೋಡು, ಎಷ್ಟು ಹಾಕಿದ್ರೂ ಒಂದರಲ್ಲೇ ಹಿಡಿಸ್ತಿದೆ" ಎಂದು ನನ್ನೆದುರು ಬೀಗಿದ್ದೂ ಬೀಗಿದ್ದೇ.

ಅಕ್ಕಾ, ಇನ್ನು ಬರೆಯುವುದು ಕಷ್ಟ. ಗಡಿಯಾರದಂಗಡಿಯ ಮೇಲ್ಗಡೆ ಹಳೆ ಕಂಪ್ಯೂಟರ್ ರಿಪೇರಿ ಮಾಡುವವರೊಬ್ಬರಿದ್ದಾರೆ, ನಿನ್ನೆ ಅವರನ್ನು ಕರೆಸಿದೆ. ಯಂತ್ರ ಚೆನ್ನಾಗಿಯೇ ಇತ್ತು, ಫ್ಲಾಪಿಯೂ ಚೆನ್ನಾಗಿತ್ತು. ಅದರಲ್ಲಿ ಇದ್ದದ್ದು ಒಂದೇ ಒಂದು ಪುಟ. ಅವರು ಹಿಂದೆ ಮುಂದೆ ಎಲ್ಲ ಹುಡುಕಿದರು, ಮೂರು ಗಂಟೆ ಜಾಲಾಡಿದರು. ಕೊನೆಗೆ, ಅಪ್ಪ ಕೆಲಸ ಹೇಗೆ ಮಾಡುತ್ತಿದ್ದರು ಸ್ವಲ್ಪ ಹೇಳಿ ಎಂದರು. ನಾನು ಹೇಳಿದೆ. ಹೇಳುತ್ತಾ ಹೇಳುತ್ತಾ ನನಗೇ ತಿಳಿದುಹೋಯಿತು.

ಪ್ರೆಸ್ಸಿನಲ್ಲಿ ಒಂದು ಪುಟ ಅಚ್ಚಾದ ಮೇಲೆ ಆ ಮೊಳೆಗಳನ್ನೆಲ್ಲ ಬಿಚ್ಚಿ, ಒಂದೊಂದನ್ನೂ ಅದರದರ ಗೂಡಿಗೆ ವಾಪಸು ಹಾಕುತ್ತಿದ್ದರಲ್ಲ? ಹಾಕದಿದ್ದರೆ ಮಾರನೆಯ ಪುಟಕ್ಕೆ ಅಕ್ಷರ ಸಾಲದು. ಅಪ್ಪ ಇಲ್ಲೂ ಅದನ್ನೇ ಮಾಡಿದರು. ಅಚ್ಚು ಬಿದ್ದ ಮಾರನೆಯ ಸಂಜೆ ಅಳಿಸುವ ಕೀಲಿ ಒತ್ತಿ ಒತ್ತಿ, ಕೊನೆಯಿಂದ ಮೊದಲಿನವರೆಗೆ, ಪುಟವನ್ನೆಲ್ಲ ಖಾಲಿ ಮಾಡುತ್ತಿದ್ದರು. ಆ ಖಾಲಿ ಜಾಗದಲ್ಲೇ ಹೊಸ ಪುಟ ಜೋಡಿಸಿ, ಅದೇ ಹೆಸರಿನಲ್ಲಿ ಉಳಿಸುತ್ತಿದ್ದರು. ಹೊಸದು ಕೂತ ಕಡೆ ಹಳೆಯದು ಅಳಿದುಹೋಗುತ್ತಿತ್ತಂತೆ. ಎರಡೂವರೆ ವರ್ಷ, ಪ್ರತಿ ಸಲವೂ.

ನಾನು ಕಣ್ಣಾರೆ ನೋಡಿದ್ದೆ ಅಕ್ಕಾ. ಒಂದಲ್ಲ, ಹತ್ತು ಸಲ. ಬಟ್ಟೆ ಮಡಿಸುತ್ತಾ, ಏನಪ್ಪಾ, ಬರೆಯೋದೂ ನೀವೇ ಅಳಿಸೋದೂ ನೀವೇನಾ ಎಂದು ಅಣಕಿಸಿದ್ದೆ. "ಗೂಡಿಗೆ ಹಾಕ್ತಿದೀನಿ ಕಣೇ, ನಾಳೆಗೆ ಅಕ್ಷರ ಬೇಡ್ವಾ?" ಎಂದಿದ್ದರು. ಮುದುಕರ ಹುಚ್ಚು ಎಂದು ನಕ್ಕು, ಚಹಾಕ್ಕೆ ಇಟ್ಟೆ. ಯಾರನ್ನಾದರೂ ಒಂದು ಮಾತು ಕೇಳಿದ್ದರೆ ಸಾಕಿತ್ತು. ಲಾಂಡ್ರಿಗೆ ಬರುವ ಆಫೀಸಿನವರಲ್ಲಿ ಯಾರು ಬೇಕಾದರೂ ಹೇಳುತ್ತಿದ್ದರು. ನಾನು ಕೇಳಲಿಲ್ಲ.

ರಿಪೇರಿಯವರು ಒಳ್ಳೆಯ ಮನುಷ್ಯ, ಆದರೆ ಬಾಯಿ ಬಿಗಿಹಿಡಿಯುವುದು ಗೊತ್ತಿಲ್ಲ. "ಇದರಲ್ಲಿ ಅಕ್ಷರ ಮುಗಿಯೋದೇ ಇಲ್ಲ ಯಜಮಾನ್ರೇ, ಎಷ್ಟು ಬೇಕಾದ್ರೂ ಇರ್ತಾವೆ" ಎಂದು ಮಂಚದ ಹತ್ತಿರ ಹೋಗಿ ಜೋರಾಗಿ ಹೇಳಿಬಿಟ್ಟರು. ಅಪ್ಪನಿಗೆ ಎಷ್ಟು ಅರ್ಥವಾಯಿತೋ ಕಾಣೆ. ಅವರ ಮುಖ ನೋಡಿದರು, ಕಂಪ್ಯೂಟರ್ ಕಡೆ ನೋಡಿದರು, ಆಮೇಲೆ ಗೋಡೆಗೆ ತಿರುಗಿಕೊಂಡರು. ಆಗಿನಿಂದ ಗಂಜಿಯನ್ನೂ ಬಾಯಿಗೆ ಬಿಟ್ಟುಕೊಂಡಿಲ್ಲ. ಇವತ್ತು ನಿನ್ನ ಹೆಸರು ಹೇಳಿದೆ, ಎಡಗೈ ಏಳಲಿಲ್ಲ.

ಉಳಿದ ಆ ಒಂದು ಪುಟದಲ್ಲಿ ಕಥೆಯಿಲ್ಲ. ಪುಸ್ತಕದ ಕೊನೆಗೆ ಒಂದು ಪಟ್ಟಿ ಹಾಕುತ್ತಾರಲ್ಲ, ಇಂಥ ಪುಟದ ಇಂಥ ಸಾಲನ್ನು ಹೀಗೆ ತಿದ್ದಿ ಓದಿಕೊಳ್ಳಿ ಎಂದು, ಅದು. ಜೋಡಿಸಿದ ಸಾಲನ್ನು ಎಂದೂ ಮರೆಯದ ಮನುಷ್ಯ, ಎಲ್ಲವನ್ನೂ ತಲೆಯಲ್ಲೇ ಇಟ್ಟುಕೊಂಡು ಮಾಡಿದ್ದಾರೆ. ಅದನ್ನು ಮುಗಿಸಿದ ಸಂಜೆಯೇ ಕುರ್ಚಿಯಿಂದ ಬಿದ್ದರು, ಅದಕ್ಕೇ ಅದು ಗೂಡಿಗೆ ಹೋಗದೆ ಉಳಿದಿದೆ. ಪುಸ್ತಕವೇ ಇಲ್ಲದ ಮೇಲೆ ಪಟ್ಟಿ ಕಟ್ಟಿಕೊಂಡು ನೀನೇನು ಮಾಡುತ್ತೀಯ? ಓದಿದರೆ ನೋವಷ್ಟೇ. ಕಳಿಸುವುದಿಲ್ಲ.

ಮನೆಗೆ ಬಾ ಎನ್ನುವ ಮುಖ ನನಗಿಲ್ಲ. ಬಂದರೆ ಹಾಸಿಗೆ ಹಾಕಿಡುತ್ತೇನೆ, ಬೈದರೆ ಬೈಸಿಕೊಳ್ಳುತ್ತೇನೆ. ಭಾವನಿಗೆ ನನ್ನ ನೆನಪು ಹೇಳು. ನೀನು ಗಟ್ಟಿಯಾಗಿರು, ನಮ್ಮಿಬ್ಬರಲ್ಲಿ ಒಬ್ಬರಾದರೂ ಇರಬೇಕು.

ನಿನ್ನ ತಂಗಿ,
ಬಡಬಡಿ

ಮರೆತ ಮಾತು: ಲಕೋಟೆ ಅಂಟಿಸಿದವಳು ಮತ್ತೆ ಹರಿದಿದ್ದೇನೆ. ಇದನ್ನೂ ಮುಚ್ಚಿಟ್ಟರೆ ನಾನೂ ಅಪ್ಪ ಅಮ್ಮನ ಜೊತೆ ಸೇರಿದ ಹಾಗೆ. ನಿನ್ನನ್ನು ಹೆತ್ತವಳು ಪ್ರೆಸ್ಸಿನಲ್ಲಿ ಹಾಳೆ ಮಡಿಸುತ್ತಿದ್ದಳು, ನಿನ್ನನ್ನು ಅಲ್ಲೇ ಬಿಟ್ಟು ಓಡಿಹೋದಳು ಎಂದು ಅಮ್ಮ ಸಾಯುವವರೆಗೂ ಹೇಳಿದ್ದಳಲ್ಲ. ಪಟ್ಟಿಯಲ್ಲಿ ಇರುವುದು ನಾಲ್ಕೇ ಸಾಲು. ಇದ್ದ ಹಾಗೇ ಇಳಿಸುತ್ತಿದ್ದೇನೆ, ಅಂಚೆಗೆ ಹೊತ್ತಾಯಿತು.

ಪುಟ ೯, ಸಾಲು ೪: "ಮಗುವನ್ನು ಬಿಟ್ಟು ಹೋದಳು" ಎಂಬುದನ್ನು "ಮಗುವನ್ನು ಅವಳಿಂದ ಕಿತ್ತುಕೊಂಡೆವು" ಎಂದು ಓದಿಕೊಳ್ಳುವುದು.

ಪುಟ ೧೭, ಸಾಲು ೧೧: "ಮತ್ತೆ ಬರಲಿಲ್ಲ" ಎಂಬುದನ್ನು "ಮೂರು ಸಲ ಬಂದಳು, ಬಾಗಿಲು ತೆಗೆಯಲಿಲ್ಲ" ಎಂದು ಓದಿಕೊಳ್ಳುವುದು.

ಪುಟ ೩೪, ಸಾಲು ೨: "ತೀರಿಕೊಂಡಳೆಂದು ಕೇಳಿದೆ" ಎಂಬುದನ್ನು "ಹಾಗೆಂದು ನಾನೇ ಎಲ್ಲರಿಗೂ ಹೇಳಿದೆ" ಎಂದು ಓದಿಕೊಳ್ಳುವುದು.

ಪುಟ ೫೨ರಲ್ಲಿ ಕೊಟ್ಟ ಅವಳ ಈಗಿನ ವಿಳಾಸ: ಎರಡು ಸಲ ನೋಡಿದ್ದೇನೆ. ಸರಿಯಾಗಿದೆ.