ತುಂಬಿಬಂದ ಗಾಯ

ಮಾರ್ಚ್ 3, ಬೆಳಗ್ಗೆ 6.30
ಡ್ರೆಸಿಂಗ್ ಆಯಿತು. ಕೀವು ಅರ್ಧ ಚಮಚ. ನಮ್ಮ ಯಜಮಾನರ ಮೊಣಕಾಲ ಕೆಳಗಿನ ತೂತಿಗೆ ಇಪ್ಪತ್ತೆರಡು ವರ್ಷ. ಲಾರಿ ಗುದ್ದಿ ಮೂಳೆ ಮುರಿದಾಗ ಹತ್ತಿದ ಸೋಂಕು, ಮೂಳೆ ಬಿಟ್ಟು ಹೋಗಲೇ ಇಲ್ಲ. 'ಬಾಡಿಗೆಯವನು' ಅನ್ನುತ್ತಾರೆ ಇವರು ಅದಕ್ಕೆ. ಅದೇ ಕಾಲಲ್ಲಿ ದಿನವಿಡೀ ಹೊಲಿಗೆ ಮೆಷಿನ್ ತುಳಿಯುತ್ತಾರೆ. ಬೇಡವೆಂದರೆ ಕೇಳುವ ಆಸಾಮಿಯಲ್ಲ.

ಏಪ್ರಿಲ್ 19
ತೂತಿನೊಳಗೆ ಕೆಂಪು ಮಾಂಸ! ಹಳೇ ಡಾಕ್ಟರು ಹೇಳಿದ್ದರಲ್ಲ, ಕೆಂಪು ಮಾಂಸ ತುಂಬಿದರೆ ಮಾಯುತ್ತಿದೆ ಎಂದರ್ಥ ಅಂತ. ಬಾಡಿಗೆಯವನು ಖಾಲಿ ಮಾಡುತ್ತಿದ್ದಾನೆ ಅಂದೆ. ಇವರು ನಕ್ಕರು. ತಂಗಿಗೆ ಫೋನ್ ಮಾಡಿ ಅರ್ಧ ಗಂಟೆ ಕೊರೆದೆ.

ಜೂನ್ 8
ತೂತು ಮುಚ್ಚಿದೆ. ಮಾಂಸ ಚರ್ಮದಿಂದ ಮೇಲಕ್ಕೆ ಉಬ್ಬಿದೆ, ಹೂಕೋಸಿನ ಹಾಗೆ. ಮುಟ್ಟಿದರೆ ರಕ್ತ. ವಾಸನೆಯೂ ಬೇರೆ... ಹೊಸ ಮಾಂಸವಲ್ಲವೇ, ಹಾಗೇ ಇರಬಹುದು.

ಅಕ್ಟೋಬರ್ 27
ಇವರು ಮೆಷಿನ್ ಬಿಟ್ಟು ಏಳಲು ಹೋಗಿ ಕುಸಿದರು. ಕೊನೆಗೂ ಆಸ್ಪತ್ರೆ. ಡಾಕ್ಟರಮ್ಮ ಬ್ಯಾಂಡೇಜ್ ಬಿಚ್ಚಿದರು. ಯಾವಾಗಿನಿಂದ ಈ ಮಾಂಸ ಎಂದು ಕೇಳಿದರು. ಒಂದು ತಿಂಗಳು ಅಂದುಬಿಟ್ಟೆ. ನನ್ನ ನಾಲಿಗೆಗೆ ಬೆಂಕಿ ಬೀಳಲಿ. ಚೂರು ಕತ್ತರಿಸಿ ಬಯಾಪ್ಸಿಗೆ ಕಳಿಸಿದರು.

ನವೆಂಬರ್ 5
ಕ್ಯಾನ್ಸರ್. ಚರ್ಮದ್ದು. ವರ್ಷಗಟ್ಟಲೆ ಕೀವು ಸೋರಿದ ಗಾಯದಲ್ಲಿ ಅಪರೂಪಕ್ಕೆ ಹೀಗಾಗುತ್ತದಂತೆ. ತೊಡೆಸಂದಿನ ಗಂಟಿಗೂ ಹೋಗಿದೆ. ಮೊದಲೇ ಬಂದಿದ್ದರೆ ಅಲ್ಲಿಗೆ ಹೋಗುತ್ತಿರಲಿಲ್ಲವೇನೋ ಅಂದರು ಡಾಕ್ಟರಮ್ಮ. ಕಾಲನ್ನು ಮೊಣಕಾಲಿನ ಮೇಲಿಂದ ತೆಗೆಯಬೇಕು. ಪ್ಯಾಂಟಿಗೆ ಬಟ್ಟೆ ಉಳಿಯಿತು ಬಿಡು ಅಂದರು ಇವರು. ಯಾರೂ ನಗಲಿಲ್ಲ.
ಬಾತ್‌ರೂಮಿಗೆ ಹೋಗಿ ಅತ್ತೆ. ಆರು ತಿಂಗಳು ಕೈಯಾರೆ ತೊಳೆದು, ಒರೆಸಿ, ಅದನ್ನೇ ಸಾಕಿದೆನಲ್ಲ. ಮನೆಗೆ ಬಂದು ಏಪ್ರಿಲ್ ಪುಟ ತೆಗೆದೆ. ಆಶ್ಚರ್ಯ ಚಿಹ್ನೆ ಬೇರೆ ಹಾಕಿದ್ದೇನೆ.

ನವೆಂಬರ್ 21, ಆಸ್ಪತ್ರೆ
ಕಾಲು ತೆಗೆದು ಆರು ದಿನ. ಗಂಟು ತೆಗೆದರೂ ಭರವಸೆ ಕೊಡಲಾರೆ ಅಂದಿದ್ದಾರೆ ಡಾಕ್ಟರಮ್ಮ.
ಇವತ್ತು ಇವರ ಮುಂದೆ ಎಲ್ಲ ಹೇಳಿಬಿಟ್ಟೆ. ಏಪ್ರಿಲ್ಲಿನಿಂದ ನೋಡಿದ್ದು, ರಕ್ತ, ವಾಸನೆ, ಸುಳ್ಳು. ಬೈಯುತ್ತಾರೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.
"ನಂಗೊತ್ತಿತ್ತು ಕಣೇ. ಮೇ ತಿಂಗಳಿಂದ್ಲೇ ಒಳಗೆ ಉರೀತಿತ್ತು. ನೀನು ಅಷ್ಟು ಖುಷಿಯಾಗಿದ್ದೆ, ಹೇಳೋಕೆ ಮನಸ್ಸು ಬರ್ಲಿಲ್ಲ."
ಬ್ಯಾಂಡೇಜ್ ಸುತ್ತುವಾಗ ನಾನು ಹಾಡು ಗುನುಗುತ್ತಿದ್ದೆನಂತೆ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ. ನನಗೆ ನೆನಪೇ ಇಲ್ಲ. ಅದನ್ನು ಕೇಳಲೆಂದೇ ಇವರು ದಿನಾ ಬೆಳಗ್ಗೆ ಕಾಲು ಚಾಚಿ ಕೂರುತ್ತಿದ್ದರಂತೆ, ಉರಿ ನುಂಗಿಕೊಂಡು —