ಎಚ್ಚರಿಕೆ ಬಂದಿತ್ತು

ಕೆಂಗೇರಿ ಉಪನಗರ
ಭಾನುವಾರ

ತನ್ಮಯಿ ಮೇಡಂ ಅವರಿಗೆ ಮರಿಯಪ್ಪನ ನಮಸ್ಕಾರ.

ಯಾವ ಮುಖ ಇಟ್ಟುಕೊಂಡು ಫೋನ್ ಮಾಡಲಿ ಎಂದು ತಿಳಿಯದೆ ಬರೆಯುತ್ತಿದ್ದೇನೆ.

ಆ ಮಧ್ಯಾಹ್ನ ನಮ್ಮ ಬಣ್ಣದ ಕಾರ್ಖಾನೆಯ ರಿಯಾಕ್ಟರ್ ಪಾತ್ರೆಯಲ್ಲಿ ರೆಸಿನ್ ಅಂಟು ಕುದಿಯುತ್ತಿದ್ದಾಗ ನೀವು ಅಳವಡಿಸಿದ ಎಐ ಎಚ್ಚರಿಕೆ ಕೊಟ್ಟಿತ್ತು. ಹತ್ತು ನಿಮಿಷದಲ್ಲಿ ಶಾಖ ಮಿತಿ ಮೀರುತ್ತದೆ, ತಣ್ಣೀರು ಬಿಡಿ ಎಂದು ಪರದೆಯ ಮೇಲೆ ಬಂತು. ಇಪ್ಪತ್ತೆಂಟು ವರ್ಷ ಆ ರಿಯಾಕ್ಟರ್ ನಡೆಸಿದವನಿಗೆ ಇದೇನು ಹೇಳುವುದು ಎಂದು ಕಂಪ್ಯೂಟರನ್ನೇ ಆಫ್ ಮಾಡಿದೆ. ರೆಸಿನ್ ಉಕ್ಕಿ, ನನ್ನ ಜೊತೆಗಿದ್ದ ಕಾಂತರಾಜುವಿನ ಬಲಗೈ ಸುಟ್ಟಿತು.

ವಿಚಾರಣೆಯಲ್ಲಿ ಮ್ಯಾನೇಜರ್ ಕೇಳಿದಾಗ, "ಅದು ಏನೂ ಹೇಳ್ಲಿಲ್ಲ ಸಾರ್" ಎಂದೆ. ಕಂಪ್ಯೂಟರ್ ಆಫ್ ಮಾಡಿದ್ದರಿಂದ ಎಚ್ಚರಿಕೆಯ ದಾಖಲೆ ಉಳಿದಿರಲಿಲ್ಲ. ನನ್ನ ಮಾತು ನಂಬಿ ನಿಮ್ಮನ್ನು ಕೆಲಸದಿಂದ ತೆಗೆದರು. ಹೊರಡುವ ದಿನ ನೀವು ನನ್ನ ಹತ್ತಿರ ಬಂದು, "ನಾನೇ ಎಲ್ಲೋ ತಪ್ಪು ಮಾಡಿರ್ಬೇಕು ಅಂಕಲ್. ನಿಮಗೇನೂ ಆಗ್ಲಿಲ್ವಲ್ಲ, ಅಷ್ಟು ಸಾಕು" ಎಂದಿರಿ. ಆಗಲೂ ನಾನು ಬಾಯಿ ಬಿಡಲಿಲ್ಲ.

ನಿನ್ನೆ ಆಸ್ಪತ್ರೆಯಲ್ಲಿ ಕಾಂತರಾಜುವಿಗೆ ಊಟ ಮಾಡಿಸುತ್ತಾ ಎಲ್ಲ ಹೇಳಿಕೊಂಡೆ. ಅವನು ಬಾಯಲ್ಲಿದ್ದ ತುತ್ತು ನುಂಗಿ, "ಹೇಳ್ಬೇಕಾಗಿರೋದು ನನಗಲ್ಲಣ್ಣ" ಎಂದ. ಅಲ್ಲಿಂದ ನೇರ ಕಾರ್ಖಾನೆಗೆ ಹೋಗಿ, ನಡೆದದ್ದನ್ನು ಬರೆದು ಸಹಿ ಹಾಕಿ ಕೊಟ್ಟೆ.

ಕಾರ್ಖಾನೆಯವರು ನಿಮ್ಮನ್ನು ಮತ್ತೆ ಕರೆಯುತ್ತಾರೆ. ದಯವಿಟ್ಟು ಬನ್ನಿ. ನನ್ನ ಮುಖ ನೋಡಬೇಕಾಗುತ್ತದೆ ಎಂದು ಹಿಂಜರಿಯಬೇಡಿ, ನಾನು ಕೆಲಸ ಬಿಟ್ಟಿದ್ದೇನೆ. ಬಂದ ಮೇಲೆ ಕಾಂತರಾಜುವಿಗೆ ನಿಮ್ಮ ಕಂಪ್ಯೂಟರ್ ನೋಡಿಕೊಳ್ಳುವುದನ್ನು ಕಲಿಸಿಕೊಡಿ. ಎಡಗೈಯಲ್ಲೂ ಮಾಡಬಹುದಾದ ಕೆಲಸ ಅದೊಂದೇ. ನಾನು ಕೇಳಿಕೊಂಡೆ ಎಂದು ಮಾತ್ರ ಅವನಿಗೆ ಹೇಳಬೇಡಿ.

ನಿಮ್ಮೆದುರು ನಿಲ್ಲಲಾರದ
ಮರಿಯಪ್ಪ