ಅಪ್ಪನ ಕ್ಯಾರಿ ಆನ್

ಅಪ್ಪಾ,

ನಿನ್ನ ಬಾಯಿಬಡುಕಿ ಮಗಳು ಬರೆಯುತ್ತಿದ್ದೇನೆ. ನೀನೇ ಹಲಗೆಯ ಮೇಲೆ ತಿದ್ದಿಸಿದ ಅಕ್ಷರ, ಸೊಟ್ಟಗಿದ್ದರೆ ಬೈಯಬೇಡ.

ಮೆಟ್ಟೂರಿನಲ್ಲಿ ಅಣೆಕಟ್ಟು ಕಟ್ಟುತ್ತಿದ್ದಾಗ ನೀನು ನೇಯ್ದ ಪಂಚೆ ಮಾರಲು ಹೋಗಿ ಒಂದು ಇಂಗ್ಲಿಷ್ ಮಾತು ಹೊತ್ತು ತಂದೆಯಲ್ಲ, ನೆನಪಿದೆಯಾ? ಬಿಳಿ ದೊರೆ ಬಂದನೆಂದು ಕಲ್ಲು ಒಡೆಯುವವರೆಲ್ಲ ಎದ್ದು ನಿಂತರಂತೆ. ಅವನು ಕೈಯಾಡಿಸಿ 'ಕ್ಯಾರಿ ಆನ್' ಎಂದು ಮುಂದೆ ಹೋದನಂತೆ. ನಮ್ಮ ಬೀದಿಯ ಶಾಲೆ ವಾದ್ಯಾರು ಅರ್ಥ ಬಿಡಿಸಿದರು: ನಿಲ್ಲಿಸಬೇಡಿ, ಮಾಡುತ್ತಿದ್ದುದನ್ನು ಮುಂದುವರಿಸಿ. ನಿನಗೆಷ್ಟು ಹಿಗ್ಗು! "ನೋಡಮ್ಮಿ, ಏಳಬ್ಯಾಡ, ನಿನ್ ಕೆಲ್ಸ ನೋಡ್ಕೋ ಅನ್ನಾಕೂ ಅವ್ರತ್ರ ಒಂದು ಮಾತೈತೆ" ಅಂದೆ ನೀನು.

ಅಲ್ಲಿಂದ ಊರಿಗೆಲ್ಲ ನಿನ್ನ ಕ್ಯಾರಿ ಆನ್. ಪಂಕ್ತಿಯಲ್ಲಿ ಉಣ್ಣುವವರಿಗೆ, ಮಂತ್ರ ಮರೆತು ತಡವರಿಸಿದ ಐನೋರಿಗೆ, ಜಗಳದ ನಡುವೆ ನಿನ್ನನ್ನು ಕಂಡು ಬಾಯಿ ಮುಚ್ಚಿದ ಪಕ್ಕದ ಮನೆ ಅತ್ತೆ ಸೊಸೆಗೂ. ಅವ್ವ ತಲೆ ತಲೆ ಚಚ್ಚಿಕೊಳ್ಳುತ್ತಿದ್ದಳು. ನಾನು ಕಂಡಿಕೆಗೆ ನೂಲು ಸುತ್ತುತ್ತ ನಗುತ್ತಿದ್ದೆ. ಆ ದಿನಗಳು ಅಪ್ಪಾ...

ನನ್ನ ಮದುವೆಯ ಸೀರೆ ಮಗ್ಗದ ಮೇಲೆ ಅರ್ಧಕ್ಕೆ ಬಂದಿತ್ತು. ಜ್ವರ ಬಂದು ನೀನು ಹೊರಟೇಹೋದೆ. ಹದಿಮೂರು ದಿನ ಯಾರೂ ಮಗ್ಗ ಮುಟ್ಟಲಿಲ್ಲ. ಆಮೇಲೆ ಚಿಕ್ಕಪ್ಪ ಕತ್ತರಿ ಹಿಡಿದು ಬಂದ. ಸತ್ತವನ ನೇಯ್ಗೆಗೆ ಬೇರೆ ಕೈ ಸೇರಿದರೆ ಬಟ್ಟೆಯಲ್ಲಿ ಗೆರೆ ಬೀಳುತ್ತದೆ, ಮದುಮಗಳಿಗೆ ಅಪಶಕುನ, ಮಗ್ಗಕ್ಕೆ ಬಿಗಿದ ಹಾಸು ನೂಲನ್ನೇ ಕತ್ತರಿಸಿಬಿಡೋಣ ಎಂದ. ನೀನು ಮುಟ್ಟಿದ ನೂಲು ಅದು. ಹೇಗೆ ಬಿಡಲಿ ಹೇಳು? ನೀನು ಕಾಲು ಇಳಿಬಿಟ್ಟು ನೇಯುತ್ತಿದ್ದ, ಹೆಣ್ಣುಮಕ್ಕಳು ಇಳಿಯಬಾರದ ಮಗ್ಗದ ಗುಂಡಿಗೆ ಇಳಿದು ಕುಳಿತುಬಿಟ್ಟೆ. ಚಿಕ್ಕಪ್ಪ ಅವ್ವನ ಮುಖ ನೋಡಿದ.

"ಕ್ಯಾರಿ ಆನ್ ಲೇ" ಅಂದಳು ಅವ್ವ, ನನ್ನ ಕಡೆ ತಿರುಗಿ. ಅಂದವಳೇ ಸೆರಗು ಬಾಯಿಗೊತ್ತಿಕೊಂಡು ಅತ್ತಳು.

ಗೆರೆ ಬಿದ್ದೇಬಿತ್ತು. ನಿನ್ನ ಬಡಿತ ಬಿಗಿ, ನನ್ನದು ಸಡಿಲ. ನಾನು ನೇಯ್ದ ಮೊದಲ ನಾಲ್ಕು ಬೆರಳಗಲದಲ್ಲಿ ಗಂಜಿ ಬಸಿಯಬಹುದಿತ್ತು! ಬಿಚ್ಚಿ ಮತ್ತೆ ನೇಯೋಣವೆಂದರೆ ನಿನ್ನ ಎಳೆಗೂ ಕೈ ಹಾಕಬೇಕಾಗಿತ್ತು. ಹಾಗೇ ಬಿಟ್ಟೆ. ಅದನ್ನೇ ಉಟ್ಟು ಹಸೆಮಣೆ ಏರಿದೆ.

ನನ್ನ ಮಾವ ಎಡಪ್ಪಾಡಿಯ ನೇಕಾರರು, ಅವರ ಕಣ್ಣು ತಪ್ಪುತ್ತದೆಯೇ? ಧಾರೆ ಮುಗಿಯುತ್ತಲೇ ಇದು ಯಾರ ಕೈ ಎಂದು ಕೇಳಿದರು. ಇಲ್ಲೀವರೆಗೆ ಅಪ್ಪ, ಇಲ್ಲಿಂದಾಚೆ ನಾನು ಎಂದೆ. ಅವರು ಗೆರೆಯನ್ನು ಇನ್ನೊಮ್ಮೆ ನೋಡಿ ಪಂಕ್ತಿಯ ಕಡೆ ನಡೆದರು. ಅವರ ಮನಸ್ಸಿನಲ್ಲೇನಿದೆಯೋ ತಿಳಿಯದೆ ಮೂರು ತಿಂಗಳು ಈ ಮನೆಯಲ್ಲಿ ಬರೀ ಕಂಡಿಕೆ ಸುತ್ತಿದೆ.

ನಿನ್ನೆ ಅತ್ತೆ ಒಂದು ಹುರಿ ತಂದು ನನ್ನ ಕಾಲಿನ ಉದ್ದ ಅಳೆದುಕೊಂಡು ಹೋದರು. ಮಾವ ನಡುಮನೆಯಲ್ಲಿ ಹೊಸ ಮಗ್ಗಕ್ಕೆ ಗುಂಡಿ ತೋಡುತ್ತಿದ್ದಾರೆ, ಅಪ್ಪಾ.